ಸಂಬಳವಿಲ್ಲದ ಸಿಸ್ಟರ್‌ಗಳು, ಫೀಸಿಲ್ಲದ ಹೈಸ್ಕೂಲು

ಅಮೆರಿಕದ ಶಾಲೆ ಅಂದರೆ ನಮ್ಮ ಕಣ್ಣಿಗೆ ಬರುವುದು ಹಳದಿ ಬಸ್ಸು, ದೊಡ್ಡ ಮೈದಾನ, ಬೇಕಾದಷ್ಟು ದುಡ್ಡು. ಆದರೆ ಅದೇ ದೇಶದಲ್ಲಿ ಕಾರ್ಖಾನೆ ಕೆಲಸದವರು, ಟ್ರಾಲಿ ಓಡಿಸುವವರು, ಪೊಲೀಸ್ ಪೇದೆಗಳು ಭಾನುವಾರ ಚರ್ಚಿನ ಹರಿವಾಣಕ್ಕೆ ಹಾಕಿದ ಕಾಸಿನಲ್ಲಿ ನಡೆದ ಹೈಸ್ಕೂಲುಗಳೂ ಇದ್ದವು. ಮೇಷ್ಟ್ರಿಗೆ ಸರ್ಕಾರದ ಸಂಬಳ ಇರಲಿಲ್ಲ. ಬಹಳ ಕಾಲ ಮಕ್ಕಳಿಂದ ಫೀಸನ್ನೂ ತೆಗೆದುಕೊಳ್ಳಲಿಲ್ಲ. ಆದರೂ ಸಾವಿರಾರು ಮಕ್ಕಳು ಓದಿ ಹೊರಬಂದರು.

ಈ ಲೆಕ್ಕವನ್ನು ತುಂಬಿಕೊಟ್ಟವರು ಯಾರು? ಅದನ್ನು ತಿಳಿಯಲು ಫಿಲಡೆಲ್ಫಿಯಾ ನಗರದ ಪಕ್ಕದ ಒಂದು ಉಪನಗರಕ್ಕೆ ಹೋಗೋಣ. ಹೆಸರು ಡ್ರೆಕ್ಸೆಲ್ ಹಿಲ್. ಪೆನ್ಸಿಲ್ವೇನಿಯಾ ರಾಜ್ಯದ ಅಪ್ಪರ್ ಡಾರ್ಬಿ ಎಂಬ ಟೌನ್‌ಶಿಪ್‌ನ ಒಂದು ಭಾಗ. ನಗರದ ಪಶ್ಚಿಮ ಅಂಚಿನ 69ನೇ ಬೀದಿಯ ನಿಲ್ದಾಣದಲ್ಲಿ ಟ್ರಾಲಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಲ್ಯಾನ್ಸ್‌ಡೌನ್ ಅವೆನ್ಯೂ ಬರುತ್ತದೆ. ಅಲ್ಲಿಳಿದರೆ ಸಿಗುವುದು ಮೊನ್ಸಿಂಜೊರ್ ಬಾನರ್ ಮತ್ತು ಆರ್ಚ್‌ಬಿಷಪ್ ಪ್ರೆಂಡರ್‌ಗಾಸ್ಟ್ ಕ್ಯಾಥೊಲಿಕ್ ಹೈಸ್ಕೂಲು. ಹೆಸರು ಉದ್ದವಾಯಿತು ಅಂತ ಊರಿನವರೇ ಅದನ್ನು 'ಬಾನರ್-ಪ್ರೆಂಡಿ' ಮಾಡಿಕೊಂಡಿದ್ದಾರೆ.

ಕಥೆ ಶುರುವಾಗುವುದು ಶಾಲೆಗಿಂತ ನೂರು ವರ್ಷ ಹಿಂದೆ.

1840ರ ದಶಕದಲ್ಲಿ ಫಿಲಡೆಲ್ಫಿಯಾಕ್ಕೆ ಐರ್ಲೆಂಡಿನ ಬಡ ಕ್ಯಾಥೊಲಿಕರು ಹಡಗು ಹತ್ತಿ ಬರುತ್ತಿದ್ದರು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಪ್ರತಿದಿನ ಬೈಬಲ್ ಓದಿಸುತ್ತಿದ್ದರು. ಅದು ಪ್ರೊಟೆಸ್ಟೆಂಟರ ಬೈಬಲ್. ನಮ್ಮ ಮಕ್ಕಳಿಗೆ ನಮ್ಮ ಬೈಬಲ್ ಓದಲು ಬಿಡಿ ಎಂದು 1842ರಲ್ಲಿ ಬಿಷಪ್ ಫ್ರಾನ್ಸಿಸ್ ಕೆನ್ರಿಕ್ ಕೇಳಿಕೊಂಡರು. ಕೇಳಿದ್ದು ಅಷ್ಟೇ. ಆದರೆ ಇವರು ಶಾಲೆಯಿಂದ ಬೈಬಲನ್ನೇ ಹೊರಗೆ ಹಾಕಿಸುತ್ತಾರೆ ಎಂಬ ಸುದ್ದಿ ಊರೆಲ್ಲ ಹಬ್ಬಿತು. ವಲಸೆ ಬಂದವರ ಮೇಲೆ ಮೊದಲೇ ಸಿಟ್ಟಿದ್ದವರಿಗೆ ಅಷ್ಟು ಸಾಕಾಯಿತು. 1844ರ ಮೇ ತಿಂಗಳಲ್ಲಿ ಗಲಭೆ ಎದ್ದು ಸೇಂಟ್ ಮೈಕಲ್ ಮತ್ತು ಸೇಂಟ್ ಆಗಸ್ಟೀನ್ ಚರ್ಚುಗಳಿಗೆ ಬೆಂಕಿ ಬಿತ್ತು. ಜುಲೈನಲ್ಲಿ ಮತ್ತೊಮ್ಮೆ ಗಲಭೆ. ಎರಡೂ ಸಲ ಜನ ಸತ್ತರು.

ಆಮೇಲೆ ಕ್ಯಾಥೊಲಿಕರು ತಮ್ಮ ಶಾಲೆಯನ್ನು ತಾವೇ ಕಟ್ಟಿಕೊಳ್ಳುವ ದಾರಿ ಹಿಡಿದರು. 1852ರಲ್ಲಿ ಬಿಷಪ್ ಆಗಿ ಬಂದ ಜಾನ್ ನ್ಯೂಮನ್ ಊರೂರಿನ ಶಾಲೆಗಳನ್ನು ಒಂದೇ ವ್ಯವಸ್ಥೆಯೊಳಗೆ ತಂದರು. 1884ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ ದೇಶದ ಬಿಷಪ್ಪರು, ಪ್ರತಿ ಚರ್ಚಿನ ಪಕ್ಕದಲ್ಲೂ ಎರಡು ವರ್ಷದೊಳಗೆ ಶಾಲೆ ಇರಬೇಕು ಎಂದು ಅಪ್ಪಣೆ ಮಾಡಿದರು. ಎಲ್ಲ ಕಡೆ ಅದು ಆಗಲಿಲ್ಲ. ಫಿಲಡೆಲ್ಫಿಯಾದಲ್ಲಿ ಮಾತ್ರ ಜನ ಗಟ್ಟಿಯಾಗಿ ಹಿಡಿದುಕೊಂಡರು. ಥಾಮಸ್ ಕೆಹಿಲ್ ಎಂಬ ವ್ಯಾಪಾರಿ ಬರೆದಿಟ್ಟು ಹೋದ ಆಸ್ತಿಯಿಂದ 1890ರಲ್ಲಿ ಅಲ್ಲಿ ಹುಡುಗರಿಗೆ ಫೀಸಿಲ್ಲದ ಕ್ಯಾಥೊಲಿಕ್ ಹೈಸ್ಕೂಲು ತೆರೆಯಿತು. ಒಂದೇ ಚರ್ಚಿನ ಮಕ್ಕಳಿಗೆ ಅಂತಲ್ಲ, ಇಡೀ ನಗರದ ಕ್ಯಾಥೊಲಿಕ್ ಹುಡುಗರಿಗೆ.

ಇಲ್ಲಿ ಪ್ಯಾರಿಶ್ ಎಂಬ ಪದದ ಬಗ್ಗೆ ಒಂದು ಮಾತು. ನಮ್ಮ ಕರಾವಳಿಯವರಿಗೆ, ಬೆಂಗಳೂರು ಸುತ್ತಿನ ಕ್ರೈಸ್ತರಿಗೆ ಇದನ್ನು ಹೇಳಬೇಕಾಗಿಲ್ಲ, ಅವರು ಧರ್ಮಕೇಂದ್ರ ಅನ್ನುತ್ತಾರೆ. ಉಳಿದವರು ಹೀಗೆ ತಿಳಿಯಬಹುದು: ಒಂದು ಚರ್ಚು ಮತ್ತು ಅದರ ಗಡಿಯೊಳಗಿನ ಎಲ್ಲ ಕ್ಯಾಥೊಲಿಕ್ ಮನೆಗಳು. ಫಿಲಡೆಲ್ಫಿಯಾದಲ್ಲಿ ಈ ಗಡಿ ಎಷ್ಟು ಗಟ್ಟಿಯಾಗಿತ್ತೆಂದರೆ, ಯಾವ ಬಡಾವಣೆಯವರು ಅಂತ ಕೇಳಿದರೆ ಜನ ಬೀದಿ ಹೆಸರಿಗಿಂತ ಮೊದಲು ಪ್ಯಾರಿಶ್ ಹೆಸರು ಹೇಳುತ್ತಿದ್ದರು. ಪ್ರಾಥಮಿಕ ಶಾಲೆ ಪ್ಯಾರಿಶ್‌ನದು. ಯಾವ ಪ್ಯಾರಿಶ್‌ನ ಮಕ್ಕಳು ಯಾವ ಹೈಸ್ಕೂಲಿಗೆ ಹೋಗಬೇಕು ಎಂಬುದೂ ಮೊದಲೇ ಗೊತ್ತಾಗಿರುತ್ತಿತ್ತು. ಹೈಸ್ಕೂಲಿನ ಖರ್ಚಿಗೆ ಪ್ಯಾರಿಶ್‌ಗಳು ಪಾಲು ಕೊಡುತ್ತಿದ್ದವು. ಮನೆಯವರು ಫೀಸು ಕಟ್ಟುತ್ತಿರಲಿಲ್ಲ, ಭಾನುವಾರ ಹರಿವಾಣಕ್ಕೆ ಹಾಕುತ್ತಿದ್ದರು. ಮಕ್ಕಳಿಲ್ಲದವರೂ ಹಾಕುತ್ತಿದ್ದರು, ಮಕ್ಕಳು ಓದಿ ಮುಗಿಸಿದವರೂ ಹಾಕುತ್ತಿದ್ದರು.

ಎರಡನೇ ಮಹಾಯುದ್ಧ ಮುಗಿಯಿತು. ಯುದ್ಧದಿಂದ ವಾಪಸು ಬಂದ ಸೈನಿಕರಿಗೆ ಓದಲು, ಮನೆ ಕೊಳ್ಳಲು ನೆರವು ಕೊಡುವ ಕಾನೂನು 1944ರಲ್ಲೇ ಆಗಿತ್ತು. ಕಡಿಮೆ ಬಡ್ಡಿ, ಸರ್ಕಾರದ ಖಾತ್ರಿ. ನಗರದ ಇಕ್ಕಟ್ಟಿನ ಸಾಲುಮನೆಗಳಲ್ಲಿ ಬೆಳೆದ ಐರಿಷ್, ಇಟಾಲಿಯನ್ ಮೂಲದ ಗಂಡ ಹೆಂಡತಿ ಈಗ ಹೊರಗಿನ ಬಡಾವಣೆಯಲ್ಲಿ ಅಂಗಳವಿರುವ ಮನೆ ಕೊಂಡರು. ಪಶ್ಚಿಮ ಫಿಲಡೆಲ್ಫಿಯಾದವರಿಗೆ ಟ್ರಾಲಿಯ ದಾರಿಯಲ್ಲೇ ಇದ್ದ ಅಪ್ಪರ್ ಡಾರ್ಬಿ ಹತ್ತಿರವಾಯಿತು.

ಈ ಮಾತನ್ನು ಅರ್ಧಕ್ಕೆ ನಿಲ್ಲಿಸಿದರೆ ಸುಳ್ಳು ಹೇಳಿದಂತಾಗುತ್ತದೆ. ಈ ಸಾಲ, ಈ ಮನೆ ಎಲ್ಲರಿಗೂ ಸಿಗಲಿಲ್ಲ. ಕಪ್ಪು ಜನರಿರುವ ಬೀದಿಗಳನ್ನು ನಕ್ಷೆಯಲ್ಲಿ ಕೆಂಪು ಬಳಿದು, ಇಲ್ಲಿ ಸಾಲ ಕೊಡುವುದು ಅಪಾಯ ಎಂದು ಗುರುತು ಹಾಕಿದ್ದ ಕಾಲ ಅದು. ಫಿಲಡೆಲ್ಫಿಯಾದ ಇನ್ನೊಂದು ದಿಕ್ಕಿನಲ್ಲಿ ಲೆವಿಟ್‌ಟೌನ್ ಎಂಬ ಹೊಸ ಊರು 1952ರಿಂದ ಏಳುತ್ತಿತ್ತು. 17,000ಕ್ಕೂ ಹೆಚ್ಚು ಮನೆ. ಕಟ್ಟಿದ ಕಂಪನಿ ಕಪ್ಪು ಜನರಿಗೆ ಒಂದನ್ನೂ ಮಾರಲಿಲ್ಲ. 1957ರಲ್ಲಿ ಒಂದು ಕಪ್ಪು ಕುಟುಂಬ ಬೇರೆಯವರಿಂದ ಮನೆ ಕೊಂಡು ಬಂದಾಗ ಗುಂಪು ಸೇರಿ ಕಲ್ಲು ಹೊಡೆದರು. ಅಪ್ಪರ್ ಡಾರ್ಬಿಯೂ ಆಗ ಬಿಳಿಯರ ಊರೇ. ನಗರದಿಂದ ಹೊರಟವರಲ್ಲಿ ಕೆಲವರು ಅಂಗಳ ಬೇಕೆಂದು ಹೊರಟರು, ಕೆಲವರು ಪಕ್ಕದ ಮನೆಗೆ ಕಪ್ಪು ಕುಟುಂಬ ಬಂತೆಂದು ಹೊರಟರು. ಎರಡೂ ಕಾರಣ ಇದ್ದವರೂ ಬಹಳ.

ಜನ ಹೋದಲ್ಲಿಗೆ ಚರ್ಚೂ ಹೋಯಿತು. ಡ್ರೆಕ್ಸೆಲ್ ಹಿಲ್‌ನಲ್ಲೇ ಸೇಂಟ್ ಆಂಡ್ರೂ, ಸೇಂಟ್ ಬರ್ನಡೆಟ್, ಸೇಂಟ್ ಡೊರೊತಿಯಂಥ ಪ್ಯಾರಿಶ್‌ಗಳು. ಪ್ರಾಥಮಿಕ ಶಾಲೆಗಳು ತುಂಬಿದವು. ಇನ್ನು ಹೈಸ್ಕೂಲು ಬೇಕಾಯಿತು.

ಲ್ಯಾನ್ಸ್‌ಡೌನ್ ಅವೆನ್ಯೂವಿನ ದಿಬ್ಬದ ಮೇಲೆ ಚರ್ಚಿಗೆ ಸೇರಿದ ಒಂದು ಭಾರೀ ಕಟ್ಟಡ ಮೊದಲೇ ಇತ್ತು. ಸೇಂಟ್ ವಿನ್ಸೆಂಟ್ ಅನಾಥಾಲಯ ಎಂದು ಕಟ್ಟಿದ್ದು. 1953ರಲ್ಲಿ ಇಲ್ಲಿ ಹುಡುಗರ ಹೈಸ್ಕೂಲು ಶುರುವಾಯಿತು. ಕೆಲವೇ ವರ್ಷದಲ್ಲಿ ಪಕ್ಕದಲ್ಲಿ ಹೊಸ ಕಟ್ಟಡ ಎದ್ದು ಹುಡುಗರು ಅತ್ತ ಹೋದರು. ಅದಕ್ಕೆ ಜಾನ್ ಬಾನರ್ ಅವರ ಹೆಸರು. ಮೊನ್ಸಿಂಜೊರ್ ಅನ್ನುವುದು ಹಿರಿಯ ಪಾದ್ರಿಗಳಿಗೆ ಕೊಡುವ ಬಿರುದು. ಬಾನರ್ ಅವರು ಫಿಲಡೆಲ್ಫಿಯಾದ ಕ್ಯಾಥೊಲಿಕ್ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಸೂಪರಿಂಟೆಂಡೆಂಟ್ ಆಗಿದ್ದವರು. ಹಳೇ ಅನಾಥಾಲಯದ ಕಟ್ಟಡ ಹುಡುಗಿಯರ ಹೈಸ್ಕೂಲಾಯಿತು. ಅದಕ್ಕೆ 1911ರಿಂದ 1918ರವರೆಗೆ ಆರ್ಚ್‌ಬಿಷಪ್ ಆಗಿದ್ದ ಎಡ್ಮಂಡ್ ಪ್ರೆಂಡರ್‌ಗಾಸ್ಟ್ ಅವರ ಹೆಸರು. ಹೀಗೆ ಒಂದೇ ದಿಬ್ಬದ ಮೇಲೆ ಎರಡು ಶಾಲೆ, ಅಣ್ಣ ಒಂದರಲ್ಲಿ, ತಂಗಿ ಇನ್ನೊಂದರಲ್ಲಿ. ಅದೇ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಸರ್ಕಾರಿ ಹೈಸ್ಕೂಲು.

ಬಾನರ್‌ನಲ್ಲಿ ಪಾಠ ಮಾಡಲು ಬಂದವರು ಆಗಸ್ಟೀನಿಯನ್ ಪಾದ್ರಿಗಳು. 1844ರಲ್ಲಿ ಸುಟ್ಟುಹೋದ ಸೇಂಟ್ ಆಗಸ್ಟೀನ್ ಚರ್ಚು ಇವರದೇ. ಹುಡುಗಿಯರ ಕಡೆ ಸಿಸ್ಟರ್‌ಗಳು, ಅಂದರೆ ಕನ್ಯಾಸ್ತ್ರೀಯರು.

ಈಗ ಲೆಕ್ಕಕ್ಕೆ ಬರೋಣ.

ಕನ್ಯಾಸ್ತ್ರೀ ಆಗುವವರು ಬಡತನದ ವ್ರತ ತೆಗೆದುಕೊಳ್ಳುತ್ತಾರೆ. ಸ್ವಂತಕ್ಕೆ ಅಂತ ಏನನ್ನೂ ಇಟ್ಟುಕೊಳ್ಳುವಂತಿಲ್ಲ. ಶಾಲೆಯವರು ಅವರ ಮಠಕ್ಕೆ ಒಂದು ಸಣ್ಣ ಮೊತ್ತ ಕೊಡುತ್ತಿದ್ದರು, ಊಟ ಮತ್ತು ಸೀರುಡುಪಿಗೆ ಆಗುವಷ್ಟು. ಕೈಗೆ ಸಂಬಳ ಇಲ್ಲ, ಇನ್‌ಕ್ರಿಮೆಂಟ್ ಇಲ್ಲ, ಪಿಂಚಣಿ ಇಲ್ಲ. ಬೆಳಗ್ಗೆ ಪ್ರಾರ್ಥನೆ, ಇಡೀ ದಿನ ಪಾಠ, ಸಂಜೆ ನೋಟ್‌ಬುಕ್ ತಿದ್ದುವುದು. ಪ್ಯಾರಿಶ್ ಪ್ರಾಥಮಿಕ ಶಾಲೆಗಳಲ್ಲಿ ಒಂದು ಕ್ಲಾಸಿಗೆ 60, 70 ಮಕ್ಕಳು ಇರುವುದು ಆ ಕಾಲದಲ್ಲಿ ಅಪರೂಪವಲ್ಲ. ಅಷ್ಟನ್ನು ಒಬ್ಬರೇ ಸಿಸ್ಟರ್ ಹಿಡಿದು ಕೂರಿಸುತ್ತಿದ್ದರು. ಅವರ ಶಿಸ್ತಿನ ಬಗ್ಗೆ, ಸ್ಕೇಲಿನ ಏಟಿನ ಬಗ್ಗೆ ಹಳೇ ವಿದ್ಯಾರ್ಥಿಗಳು ನಗುತ್ತ ಕಥೆ ಹೇಳುತ್ತಾರೆ. ಎಲ್ಲರೂ ನಗುತ್ತ ಹೇಳುವುದಿಲ್ಲ ಅನ್ನುವುದೂ ನಿಜ.

1965ರಲ್ಲಿ ಅಮೆರಿಕದಲ್ಲಿ ಸುಮಾರು 1,80,000 ಕನ್ಯಾಸ್ತ್ರೀಯರಿದ್ದರು. ಕ್ಯಾಥೊಲಿಕ್ ಶಾಲೆಗಳು ಸುಮಾರು 13,000, ಮಕ್ಕಳು 50 ಲಕ್ಷಕ್ಕೂ ಮೇಲೆ. ಆ ದೇಶದ ಚರಿತ್ರೆಯಲ್ಲಿ ಅದಕ್ಕಿಂತ ಹೆಚ್ಚು ಮುಂದೆ ಯಾವತ್ತೂ ಆಗಲಿಲ್ಲ. ಫಿಲಡೆಲ್ಫಿಯಾದ ಉತ್ತರ ಭಾಗದ ಕಾರ್ಡಿನಲ್ ಡೌಹರ್ಟಿ ಹೈಸ್ಕೂಲು ಒಂದರಲ್ಲೇ ಸುಮಾರು 6,000 ಮಕ್ಕಳು. ಡ್ರೆಕ್ಸೆಲ್ ಹಿಲ್‌ನಲ್ಲಿ ಜಾಗ ಸಾಲದೆ, ಅದೇ ಜಿಲ್ಲೆಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1963ರಲ್ಲಿ ಕಾರ್ಡಿನಲ್ ಒಹಾರಾ ಹೈಸ್ಕೂಲು ತೆರೆದರು. ಬಿಷಪ್ಪರು ಕಟ್ಟುತ್ತಲೇ ಇದ್ದರು. ಇದು ಹೀಗೇ ನಡೆಯುತ್ತದೆ ಅಂದುಕೊಂಡಿದ್ದರು ಅಂತ ಕಾಣುತ್ತದೆ.

ನಡೆಯಲಿಲ್ಲ. 1962ರಿಂದ 1965ರವರೆಗೆ ರೋಮ್‌ನಲ್ಲಿ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ, ಪ್ರತಿ ಮಠವೂ ತನ್ನ ಮೂಲ ಉದ್ದೇಶ ಏನಿತ್ತು ಎಂದು ಮತ್ತೆ ಯೋಚಿಸಲಿ ಎಂದಿತು. ಕೆಲವರು ಶಾಲೆ ಬಿಟ್ಟು ಆಸ್ಪತ್ರೆ, ಜೈಲು, ಕೊಳೆಗೇರಿ ಕೆಲಸಕ್ಕೆ ಹೋದರು. ಕೆಲವರು ಮಠವನ್ನೇ ಬಿಟ್ಟರು. ಅದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದು ಬೇರೆ. ಅಲ್ಲಿಯವರೆಗೆ ಓದಿನಲ್ಲಿ ಚುರುಕಾದ ಬಡ ಕ್ಯಾಥೊಲಿಕ್ ಹುಡುಗಿ ಕಾಲೇಜು ಮೆಟ್ಟಿಲು ಹತ್ತಲು, ಶಾಲೆಗೆ ಮುಖ್ಯಸ್ಥೆಯಾಗಲು ಇದ್ದ ಕೆಲವೇ ದಾರಿಗಳಲ್ಲಿ ಮಠವೂ ಒಂದು. 1960ರ ದಶಕದ ಹೊತ್ತಿಗೆ ಬೇರೆ ದಾರಿಗಳು ತೆರೆದವು. ಹೊಸದಾಗಿ ಸೇರುವವರು ನಿಂತರು. ಇಂದು ಅಮೆರಿಕದಲ್ಲಿ ಕನ್ಯಾಸ್ತ್ರೀಯರ ಸಂಖ್ಯೆ 40,000ಕ್ಕಿಂತ ಕಡಿಮೆ, ಅವರಲ್ಲಿ ಹೆಚ್ಚಿನವರು ಮುದುಕಿಯರು.

ಅವರ ಮುಪ್ಪಿನ ಕಥೆ ಕೇಳಿದರೆ ಕಸಿವಿಸಿಯಾಗುತ್ತದೆ. ಸಂಬಳ ಇಲ್ಲದ್ದರಿಂದ ಅಮೆರಿಕ ಸರ್ಕಾರದ ವೃದ್ಧಾಪ್ಯ ವಿಮೆ, ಅಂದರೆ ಸೋಶಿಯಲ್ ಸೆಕ್ಯುರಿಟಿಗೆ, ಅವರು ಸೇರುವುದಕ್ಕೇ ಅವಕಾಶವಿರಲಿಲ್ಲ. ಮಠಗಳು ಸೇರಬಹುದು ಎಂದು ಕಾನೂನು ತಿದ್ದಿದ್ದು 1972ರಲ್ಲಿ. ಆ ಹೊತ್ತಿಗೆ ಎಷ್ಟೋ ಸಿಸ್ಟರ್‌ಗಳು ಮೂವತ್ತು ನಲವತ್ತು ವರ್ಷ ಪಾಠ ಮಾಡಿ ಮುಗಿಸಿದ್ದರು. ಕೊನೆಗೆ 1988ರಲ್ಲಿ ಬಿಷಪ್ಪರು ದೇಶದ ಎಲ್ಲ ಚರ್ಚುಗಳಲ್ಲಿ ವಯಸ್ಸಾದ ಸಿಸ್ಟರ್, ಬ್ರದರ್, ಪಾದ್ರಿಗಳಿಗಾಗಿ ವರ್ಷಕ್ಕೊಮ್ಮೆ ಕಾಣಿಕೆ ಎತ್ತುವುದನ್ನು ಶುರುಮಾಡಿದರು. ಈಗಲೂ ನಡೆಯುತ್ತಿದೆ. ಐವತ್ತು ವರ್ಷ ಬಿಟ್ಟಿದ್ದ ಸಂಬಳದ ಬಾಕಿಯನ್ನು ಹರಿವಾಣದಲ್ಲಿ ತೀರಿಸುತ್ತಿದ್ದಾರೆ ಅನ್ನಬೇಕು, ಅದೂ ಪೂರ್ತಿಯಲ್ಲ.

ಸಿಸ್ಟರ್ ಹೋದ ಜಾಗಕ್ಕೆ ಸಾಮಾನ್ಯ ಮೇಷ್ಟ್ರು ಬಂದರು. ಅವರಿಗೆ ಹೆಂಡತಿ ಮಕ್ಕಳು, ಮನೆ ಸಾಲ. ಸಂಬಳ ಕೊಡಲೇಬೇಕು. ಅಲ್ಲಿಗೆ ಶಾಲೆಯ ನಿಜವಾದ ಖರ್ಚು ಏನು ಎಂಬುದು ಮೊದಲ ಸಲ ಕಣ್ಣಿಗೆ ಬಿತ್ತು. ಫೀಸು ಬಂತು, ಮತ್ತೆ ಏರಿತು.

ಸರ್ಕಾರ ಕೊಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಮ್ಮಲ್ಲಿ ಅನುದಾನಿತ ಶಾಲೆ ಅಂತ ಇದೆ. ಆಡಳಿತ ಮಂಡಳಿ ಮಠದ್ದೋ ಚರ್ಚಿನದೋ ಆಗಿದ್ದರೂ ಮೇಷ್ಟ್ರ ಸಂಬಳ ಸರ್ಕಾರದಿಂದ ಬರುತ್ತದೆ. ಪೆನ್ಸಿಲ್ವೇನಿಯಾ ಕೂಡ 1968ರಲ್ಲಿ ಹೆಚ್ಚುಕಡಿಮೆ ಇಂಥದೇ ಕಾನೂನು ಮಾಡಿತ್ತು: ಗಣಿತ, ವಿಜ್ಞಾನದಂಥ ಪಾಠ ಹೇಳುವ ಮೇಷ್ಟ್ರ ಸಂಬಳದ ಭಾಗವನ್ನು ರಾಜ್ಯ ಕೊಡುತ್ತದೆ ಎಂದು. ಆಲ್ಟನ್ ಲೆಮನ್ ಎಂಬ ಫಿಲಡೆಲ್ಫಿಯಾದ ಕಪ್ಪು ಸಾಮಾಜಿಕ ಕಾರ್ಯಕರ್ತರು ಅದನ್ನು ಪ್ರಶ್ನಿಸಿದರು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಸರ್ಕಾರ ಮತ್ತು ಧರ್ಮ ಹೀಗೆ ಒಂದಕ್ಕೊಂದು ತೊಡರಿಕೊಳ್ಳುವುದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದು ಆ ಕಾನೂನನ್ನು ಹೊಡೆದುಹಾಕಿತು. ಅಲ್ಲಿಂದ ಮುಂದೆ ಅಂಥ ಮೊಕದ್ದಮೆ ಬಂದಾಗಲೆಲ್ಲ ಬಹಳ ವರ್ಷ ಕೋರ್ಟುಗಳು ನೋಡುತ್ತಿದ್ದುದು ಈ ಲೆಮನ್ ತೀರ್ಪನ್ನೇ.

ಲೆಮನ್ ಅವರನ್ನು ಶತ್ರು ಅಂತ ನೋಡಲು ನನಗೆ ಮನಸ್ಸಾಗುವುದಿಲ್ಲ. ಎಲ್ಲರ ತೆರಿಗೆ ಎಲ್ಲರ ಶಾಲೆಗೆ ಹೋಗಲಿ ಎಂಬ ಮಾತಿನಲ್ಲಿ ತೂಕವಿದೆ, ಅದರಲ್ಲೂ ಕಪ್ಪು ಮಕ್ಕಳ ಸರ್ಕಾರಿ ಶಾಲೆಗಳು ಸೊರಗಿದ್ದ ಕಾಲದಲ್ಲಿ. ಆದರೆ ಡ್ರೆಕ್ಸೆಲ್ ಹಿಲ್‌ನ ಒಂದು ಸಾಧಾರಣ ಮನೆಯಿಂದ ನೋಡಿ. ಅಲ್ಲಿ ಸರ್ಕಾರಿ ಶಾಲೆ ನಡೆಯುವುದು ಹೆಚ್ಚಾಗಿ ಊರವರ ಮನೆ ತೆರಿಗೆಯಿಂದ. ಮಗು ಆ ಶಾಲೆಗೆ ಹೋಗದಿದ್ದರೂ ತೆರಿಗೆ ಕಟ್ಟಬೇಕು. ಅದರ ಮೇಲೆ ಬಾನರ್ ಫೀಸು. ಒಂದು ಮಗುವಿಗೆ ಎರಡು ಸಲ ದುಡ್ಡು. ಐದಾರು ಮಕ್ಕಳಿದ್ದ ಮನೆಗಳು ಇಬ್ಬರಿಗೆ ಇಳಿದ ಕಾಲವೂ ಅದೇ.

ಮೇಷ್ಟ್ರ ಕಡೆಯಿಂದ ನೋಡಿದರೆ ಇನ್ನೊಂದು ನೋವು. ಸರ್ಕಾರಿ ಶಾಲೆಯವರಿಗಿಂತ ಸಂಬಳ ಕಡಿಮೆ. ಫಿಲಡೆಲ್ಫಿಯಾದ ಕ್ಯಾಥೊಲಿಕ್ ಹೈಸ್ಕೂಲು ಮೇಷ್ಟ್ರು ತಮ್ಮದೇ ಸಂಘ ಕಟ್ಟಿಕೊಂಡರು. ಅಮೆರಿಕದಲ್ಲಿ ಅದು ಸುಲಭದ ಮಾತಲ್ಲ: ಚರ್ಚಿನ ಶಾಲೆಗಳ ಮೇಲೆ ಕೇಂದ್ರದ ಕಾರ್ಮಿಕ ಮಂಡಳಿಗೆ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟು 1979ರಲ್ಲಿ ತೀರ್ಪು ಕೊಟ್ಟಿದೆ. ಆದರೂ ಇಲ್ಲಿ ಸಂಘ ಉಳಿಯಿತು. 2011ರ ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೇ 17 ಹೈಸ್ಕೂಲುಗಳ ಮೇಷ್ಟ್ರು ಮುಷ್ಕರ ಹೂಡಿ ಗೇಟಿನ ಹೊರಗೆ ಫಲಕ ಹಿಡಿದು ನಿಂತರು.

ಅದಕ್ಕೂ ಮೊದಲೇ ನಂಬಿಕೆಗೆ ಪೆಟ್ಟು ಬಿದ್ದಿತ್ತು. 2005ರಲ್ಲಿ ಫಿಲಡೆಲ್ಫಿಯಾದ ಗ್ರ್ಯಾಂಡ್ ಜ್ಯೂರಿ, ಅಂದರೆ ತನಿಖೆಗೆ ಕೂರಿಸಿದ ನಾಗರಿಕರ ಮಂಡಳಿ, ವರದಿ ಕೊಟ್ಟಿತು. ದಶಕಗಳ ಕಾಲ 60ಕ್ಕೂ ಹೆಚ್ಚು ಪಾದ್ರಿಗಳು ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದರು. ಮೇಲಿನವರಿಗೆ ಗೊತ್ತಿದ್ದೂ ಅವರನ್ನು ಒಂದು ಪ್ಯಾರಿಶ್‌ನಿಂದ ಇನ್ನೊಂದಕ್ಕೆ ವರ್ಗ ಮಾಡುತ್ತ ಮುಚ್ಚಿಟ್ಟಿದ್ದರು. ಕಾನೂನಿನ ಅವಧಿ ಮೀರಿತ್ತೆಂದು ಆಗ ಯಾರ ಮೇಲೂ ಕೇಸು ಹಾಕಲಾಗಲಿಲ್ಲ. 2011ರಲ್ಲಿ ಎರಡನೇ ವರದಿ ಬಂತು, ಈ ಸಲ ಬಂಧನಗಳೂ ಆದವು. ಮಕ್ಕಳನ್ನು ನಂಬಿ ಒಪ್ಪಿಸಿದ್ದ ತಾಯಂದಿರಿಗೆ ಏನಾಗಿರಬೇಡ. ಫೀಸು, ಕಾಣಿಕೆ, ಕಟ್ಟಡ ಎಲ್ಲದರ ಅಡಿಯಲ್ಲಿ ಇದ್ದದ್ದು ಆ ನಂಬಿಕೆಯೇ.

2012ರ ಜನವರಿ 6, ಶುಕ್ರವಾರ. ಆರ್ಚ್‌ಬಿಷಪ್ ನೇಮಿಸಿದ್ದ ಸಮಿತಿಯ ವರದಿ ಹೊರಬಿತ್ತು. 40ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಮುಚ್ಚಬೇಕು ಇಲ್ಲವೇ ವಿಲೀನ ಮಾಡಬೇಕು, ನಾಲ್ಕು ಹೈಸ್ಕೂಲುಗಳನ್ನು ಜೂನ್‌ನಲ್ಲಿ ಮುಚ್ಚಬೇಕು. ನಗರದೊಳಗಿನ ವೆಸ್ಟ್ ಕ್ಯಾಥೊಲಿಕ್ ಮತ್ತು ಹುಡುಗಿಯರ ಸೇಂಟ್ ಹ್ಯೂಬರ್ಟ್, ಉಪನಗರದ ಕಾನ್ವೆಲ್-ಈಗನ್ ಮತ್ತು ನಮ್ಮ ಬಾನರ್-ಪ್ರೆಂಡಿ.

ಕಾನ್ವೆಲ್-ಈಗನ್ ಎಂಬ ಹೆಸರಿನ ಹಿಂದೆ ಒಂದು ಹಳೇ ಜಗಳವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಮೈಕಲ್ ಈಗನ್ ಫಿಲಡೆಲ್ಫಿಯಾದ ಮೊದಲ ಬಿಷಪ್. ಹೆನ್ರಿ ಕಾನ್ವೆಲ್ ಎರಡನೆಯವರು. ಆ ಕಾಲದಲ್ಲಿ ಸೇಂಟ್ ಮೇರಿ ಚರ್ಚಿನ ಆಸ್ತಿ ಇದ್ದದ್ದು ಊರಿನ ಭಕ್ತರೇ ಚುನಾಯಿಸಿದ ಟ್ರಸ್ಟಿಗಳ ಕೈಯಲ್ಲಿ. ಕಟ್ಟಿದವರು ನಾವು, ದುಡ್ಡು ನಮ್ಮದು, ಪಾದ್ರಿ ಯಾರಿರಬೇಕೆಂದು ನಾವು ಹೇಳುತ್ತೇವೆ ಅಂದರು ಟ್ರಸ್ಟಿಗಳು. ಆಗುವುದಿಲ್ಲ ಅಂದರು ಬಿಷಪ್. ಈಗನ್ ಇದೇ ಕಲಹದಲ್ಲಿ ನೊಂದು 1814ರಲ್ಲಿ ತೀರಿಕೊಂಡರು. ಕಾನ್ವೆಲ್ ಬಂದ ಮೇಲೆ ವಿಲಿಯಂ ಹೋಗನ್ ಎಂಬ ಪಾದ್ರಿಯನ್ನು ಬಹಿಷ್ಕರಿಸಿದರು. ಟ್ರಸ್ಟಿಗಳು ಹೋಗನ್ ಪರ ನಿಂತರು. 1822ರಲ್ಲಿ ಟ್ರಸ್ಟಿ ಚುನಾವಣೆಯ ದಿನ ಚರ್ಚಿನ ಅಂಗಳದಲ್ಲೇ ಹೊಡೆದಾಟ. 1826ರಲ್ಲಿ ಕಾನ್ವೆಲ್ ರಾಜಿಗೆ ಬಂದರೆ ರೋಮ್ ಅದನ್ನು ಒಪ್ಪಲಿಲ್ಲ. ಕೊನೆಗೆ ಬೈಬಲ್ ಪ್ರಕರಣದ ಕೆನ್ರಿಕ್ ಅವರೇ ಬಂದು, 1831ರಲ್ಲಿ ಸೇಂಟ್ ಮೇರಿಯಲ್ಲಿ ಪೂಜೆಯನ್ನೇ ನಿಲ್ಲಿಸಿ ಟ್ರಸ್ಟಿಗಳನ್ನು ಮಣಿಸಿದರು.

ಅಲ್ಲಿಗೆ ಲೆಕ್ಕ ಮುಗಿಯಿತು. ದುಡ್ಡು ಜನರದು, ತೀರ್ಮಾನ ಬಿಷಪ್ಪರದು. ನೂರೆಂಬತ್ತು ವರ್ಷ ಇದನ್ನು ಯಾರೂ ಅಷ್ಟಾಗಿ ಕೆದಕಲಿಲ್ಲ, ಯಾಕೆಂದರೆ ಬಿಷಪ್ಪರು ಕಟ್ಟುತ್ತಿದ್ದರು. 2012ರ ಜನವರಿಯಲ್ಲಿ ಅವರು ಮುಚ್ಚಲು ಹೊರಟಾಗ ಡ್ರೆಕ್ಸೆಲ್ ಹಿಲ್‌ನವರಿಗೆ ಅದು ಥಟ್ಟನೆ ತಟ್ಟಿತು. ಅಜ್ಜ ಕಾಣಿಕೆ ಕೊಟ್ಟಿದ್ದಾನೆ, ಅಪ್ಪ ಓದಿದ್ದಾನೆ, ಮಗಳು ಓದುತ್ತಿದ್ದಾಳೆ. ಮೂರು ತಲೆಮಾರಿನ ಶಾಲೆ. ಆದರೆ ಕಾಗದದಲ್ಲಿ ಒಂದು ಇಟ್ಟಿಗೆಯೂ ಅವರದಲ್ಲ.

ಮಕ್ಕಳು ಅತ್ತರು, ಪ್ರಾರ್ಥನೆ ಸಭೆ ನಡೆಸಿದರು, ಮೆರವಣಿಗೆ ಹೋದರು. ಹಳೇ ವಿದ್ಯಾರ್ಥಿಗಳು ಚಂದಾ ಎತ್ತಲು ನಿಂತರು. ಬಾನರ್, ಪ್ರೆಂಡಿಯಲ್ಲಿ ಓದಿದವರು ಅಷ್ಟರಲ್ಲಿ ವಕೀಲರು, ಗುತ್ತಿಗೆದಾರರು, ಕಂಪನಿ ನಡೆಸುವವರು ಆಗಿದ್ದರು. ನಾಲ್ಕೂ ಶಾಲೆಗಳಿಗೆ ಲಕ್ಷಗಟ್ಟಲೆ ಡಾಲರ್ ವಾಗ್ದಾನ ಬಂತು. ರಾಜ್ಯದ ಶಾಸಕರೂ ಮಾತಿಗಿಳಿದರು. ಫೆಬ್ರುವರಿ 24ರಂದು ಆರ್ಚ್‌ಬಿಷಪ್ ಚಾರ್ಲ್ಸ್ ಶಾಪ್ಯೂ ಪತ್ರಕರ್ತರನ್ನು ಕರೆದು ನಾಲ್ಕೂ ಹೈಸ್ಕೂಲು ಉಳಿಯುತ್ತವೆ ಎಂದರು. ಜನವರಿ 6ರಿಂದ ಎಣಿಸಿದರೆ 49 ದಿನ.

ಗೆದ್ದರು ಅಂತ ಸಂಭ್ರಮ ಪಟ್ಟರು, ಪಡಬೇಕಾದ್ದೇ. ಆದರೆ ಗೆದ್ದ ಬಗೆಯನ್ನು ಸ್ವಲ್ಪ ನೋಡಿ. ಅದೇ ವರ್ಷ 17 ಹೈಸ್ಕೂಲುಗಳನ್ನೂ ವಿಶೇಷ ಅಗತ್ಯದ ಮಕ್ಕಳ ಶಾಲೆಗಳನ್ನೂ ನಡೆಸುವ ಹೊಣೆ ಒಂದು ಪ್ರತಿಷ್ಠಾನಕ್ಕೆ ಹೋಯಿತು. ಹೆಸರು ಫೇಯ್ತ್ ಇನ್ ದ ಫ್ಯೂಚರ್. ಮುಂದೆ ನಿಂತವರು ಒಂದು ದೊಡ್ಡ ವಿಮಾ ಕಂಪನಿಯ ಮಾಜಿ ಮುಖ್ಯಸ್ಥ ಎಡ್ವರ್ಡ್ ಹ್ಯಾನ್‌ವೇ. ಶಾಲೆಯ ಆಸ್ತಿ ಚರ್ಚಿನದೇ, ನಡೆಸುವವರು ವ್ಯವಹಾರ ಬಲ್ಲವರು. ಸರ್ಕಾರದ ದುಡ್ಡೂ ಹಿತ್ತಲ ಬಾಗಿಲಿಂದ ಬಂತು: ಕಂಪನಿಗಳು ವಿದ್ಯಾರ್ಥಿವೇತನಕ್ಕೆ ದಾನ ಕೊಟ್ಟರೆ ರಾಜ್ಯದ ತೆರಿಗೆಯಲ್ಲಿ ವಿನಾಯಿತಿ. ಪೆನ್ಸಿಲ್ವೇನಿಯಾ ಇದನ್ನು 2001ರಲ್ಲಿ ತಂದಿತ್ತು, 2012ರಲ್ಲಿ ಇನ್ನೊಂದು ಸೇರಿಸಿತು. ಖಜಾನೆಗೆ ಬರಬೇಕಾದ ದುಡ್ಡು ಖಜಾನೆಗೆ ಬಾರದೆಯೇ ಶಾಲೆ ಸೇರುತ್ತದೆ. ಲೆಮನ್ ತೀರ್ಪಿಗೆ ಸಿಕ್ಕದ ಉಪಾಯ. ಜಾಣತನ ಅನ್ನಬೇಕೋ ಬೇರೆ ಏನಾದರೂ ಅನ್ನಬೇಕೋ ನೀವೇ ಯೋಚಿಸಿ.

ಎಲ್ಲರಿಗೂ 49 ದಿನ ಸಿಗಲಿಲ್ಲ. ಒಂದು ಕಾಲಕ್ಕೆ 6,000 ಮಕ್ಕಳಿದ್ದ ಕಾರ್ಡಿನಲ್ ಡೌಹರ್ಟಿ 2010ರಲ್ಲೇ ಮುಚ್ಚಿತ್ತು. ಅದರ ಸುತ್ತಲಿನ ಬಡಾವಣೆಯ ಬಿಳಿಯರು ಅಷ್ಟರಲ್ಲಿ ಬೇರೆಡೆಗೆ ಹೋಗಿಯಾಗಿತ್ತು. 2020ರ ನವೆಂಬರ್‌ನಲ್ಲಿ, ಕೊರೊನಾ ಕಾಲದಲ್ಲಿ, ಇನ್ನೆರಡು ಹೈಸ್ಕೂಲುಗಳ ಸರದಿ: ನಗರದ ಮಧ್ಯದ ಹುಡುಗಿಯರ ಹ್ಯಾಲಹನ್, ಉಪನಗರದ ಬಿಷಪ್ ಮೆಕ್‌ಡೆವಿಟ್. 2021ರ ಜೂನ್‌ಗೆ ಎರಡೂ ಮುಚ್ಚಿದವು.

ಅಪ್ಪರ್ ಡಾರ್ಬಿಯ ಜನಸಂಖ್ಯೆ 1950ರಲ್ಲಿ ಸುಮಾರು 85,000. 2020ರಲ್ಲೂ ಸುಮಾರು 85,000. ಲೆಕ್ಕ ಅಷ್ಟೇ, ಜನ ಬೇರೆ. ಪಶ್ಚಿಮ ಫಿಲಡೆಲ್ಫಿಯಾದಿಂದ ಅದೇ ದಾರಿಯಲ್ಲಿ ಈಗ ಕಪ್ಪು ಕುಟುಂಬಗಳು ಬಂದಿವೆ. ಲೈಬೀರಿಯಾದವರು, ಬಾಂಗ್ಲಾದೇಶದವರು, ವಿಯೆಟ್ನಾಮಿನವರು, ಪಂಜಾಬಿನ ಸಿಖ್ಖರು ಇದ್ದಾರೆ. 69ನೇ ಬೀದಿಯಲ್ಲಿ ಕೊರಿಯಾದವರ ದೊಡ್ಡ ದಿನಸಿ ಅಂಗಡಿ. ಹೊರದೇಶದವರಿಗೆ ಅಮೆರಿಕದ ಬಾಗಿಲು ತೆರೆದ ವಲಸೆ ಕಾನೂನು ಆದದ್ದು 1965ರಲ್ಲಿ, ಕ್ಯಾಥೊಲಿಕ್ ಶಾಲೆಗಳು ತುತ್ತತುದಿ ಮುಟ್ಟಿದ್ದೂ ಅದೇ ವರ್ಷ ಅನ್ನುವುದು ವಿಚಿತ್ರ. ಬಾನರ್-ಪ್ರೆಂಡಿಯಲ್ಲಿ ಈಗ ಹುಡುಗರು ಹುಡುಗಿಯರು ಒಟ್ಟಿಗೆ ಓದುತ್ತಾರೆ. ಹಳೇ ಪಟ್ಟಿಯಲ್ಲಿ ಸಾಲುಸಾಲು ಇದ್ದ ಐರಿಷ್ ಹೆಸರುಗಳ ಪಕ್ಕ ಬೇರೆ ಹೆಸರುಗಳು ಬಂದಿವೆ. ಪಾಠ ಮಾಡುವವರು ಬಹುಪಾಲು ಸಂಬಳದ ಮೇಷ್ಟ್ರು.

ಶಾಲೆಯ ಪಕ್ಕದಲ್ಲೇ ಡೆಲವೇರ್ ಕೌಂಟಿ ಮೆಮೋರಿಯಲ್ ಆಸ್ಪತ್ರೆ ಇತ್ತು. ಊರಿನ ಆಸ್ಪತ್ರೆಯಾಗಿ ಶುರುವಾದದ್ದು, ಕೊನೆಗೆ ಕ್ಯಾಲಿಫೋರ್ನಿಯಾದ ಲಾಭದ ಕಂಪನಿಯೊಂದರ ಕೈ ಸೇರಿತು. 2022ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ನರ್ಸುಗಳು, ಊರವರು ಬೀದಿಗಿಳಿದರು, ಕೋರ್ಟಿಗೂ ಹೋದರು. ಅದಕ್ಕೆ ಹಳೇ ವಿದ್ಯಾರ್ಥಿಗಳ ಸಂಘ ಇರಲಿಲ್ಲ.